ಐತಿಹಾಸಿಕ ಕಾದಂಬರಿಯಲ್ಲಿ ಪ್ರಣಯದ ಔಚಿತ್ಯ

ಕಳೆದ ಬೇಸಗೆಯ ರಜೆಯಲ್ಲಿ ನಾವು ಹಂಪಸಾಗರದಲ್ಲಿ ಕೆಲವು ವಾರ ತಂಗಿದ್ದೆವು. ಆಗ ಐದು ಐತಿಹಾಸಿಕ ಕಾದಂಬರಿಗಳನ್ನು ಒಂದರ ಹಿಂದೊಂದರಂತೆ ಓದುವ ಅವಕಾಶ ಒದಗಿತು. ಗಳಗನಾಥರ ‘ಮಾಧವ ಕರುಣಾ ವಿಲಾಸ’, ಕೆ. ವಿ. ಅಯ್ಯರ್ ಅವರ ‘ಶಾಂತಲಾ’, ಮಾಸ್ತಿಯವರ ‘ಚನ್ನಬಸವನಾಯಕ’, ಸಿ. ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’, ತ. ರಾ. ಸುಬ್ಬರಾಯರ ‘ದುರ್ಗಾಸ್ತಮಾನ’ ಇವೇ ಆ ಐದು. ಇವುಗಳಲ್ಲಿ ಯಾವುದೂ ಹೊಸದಲ್ಲ. ಆದರೆ ಒಟ್ಟಿಗೆ ಓದಿದಾಗ ಹುಟ್ಟಿದ ಪ್ರಶ್ನೆ ಇಂದಿಗೂ ಹಳೆಯದಾಗಿಲ್ಲವೆಂದು ನಾವು ನಂಬಿದ್ದೇವೆ. ಚರಿತ್ರೆಯ ಸ್ತ್ರೀಪುರುಷರ ಪ್ರಣಯವನ್ನು ಕಲ್ಪಿಸುವಾಗ ಕಾದಂಬರಿಕಾರನಿಗೆ ಎಷ್ಟು ಸ್ವಾತಂತ್ರ್ಯವುಂಟು? ಆ ಸ್ವಾತಂತ್ರ್ಯದ ಬೆಲೆಯನ್ನು ತೆರುವವರು ಯಾರು?

ಇಂದಿನ ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿಗೆ ಸೇರಿದ ಈ ಊರಿನಲ್ಲಿ ಕುಳಿತು ಇಂಥ ಪ್ರಶ್ನೆಯನ್ನು ಕೇಳಿಕೊಳ್ಳುವುದು ಅನುಚಿತವಲ್ಲ. ಊರಿನ ಮಗ್ಗುಲಲ್ಲಿ ತುಂಗಭದ್ರೆಯ ಹಿನ್ನೀರು. ದಕ್ಷಿಣಕ್ಕೆ ಹೋದರೆ ಪಾಳೆಯಗಾರರ ಹರಪನಹಳ್ಳಿ, ಪೂರ್ವಕ್ಕೆ ಹೋದರೆ ಹಂಪೆ. ನದಿಯ ಮೇಲ್ದಿಕ್ಕಿನಲ್ಲಿ, ಹಡಗಲಿ ಸೀಮೆಯ ಕುರುವತ್ತಿಯಲ್ಲಿ, ಚಾಳುಕ್ಯ ಚಕ್ರವರ್ತಿ ಆಹವಮಲ್ಲ ಸೋಮೇಶ್ವರನು 1068ರಲ್ಲಿ ತುಂಗಭದ್ರೆಯ ಮಡಿಲಿಗೆ ತನ್ನನ್ನು ಒಪ್ಪಿಸಿಕೊಂಡನು. ಆ ಮರಣವನ್ನು ಹೃದಯ ಕರಗುವಂತೆ ವರ್ಣಿಸಿದ ಬಿಲ್ಹಣನೇ ತನ್ನ ‘ವಿಕ್ರಮಾಂಕದೇವಚರಿತ’ದಲ್ಲಿ ಆರನೆಯ ವಿಕ್ರಮಾದಿತ್ಯನಿಗೂ ಕರಹಾಟದ ಶಿಲಾಹಾರ ರಾಜಪುತ್ರಿ ಚಂದ್ರಲೇಖೆಗೂ ನಡೆದ ಸ್ವಯಂವರವನ್ನು ಹಾಡಿದನು. ಚಂದ್ರಲೇಖೆ ಶಾಸನಗಳ ಚಂದಲದೇವಿ. ನಿಜವಾಗಿ ಬಾಳಿದ ರಾಣಿ. ಚರಿತ್ರೆಯ ಎಲುಬಿಗೆ ಪ್ರಣಯದ ಮಾಂಸವನ್ನು ತುಂಬುವ ಕೆಲಸ ನಮ್ಮ ನಾಡಿನಲ್ಲಿ ಕಾದಂಬರಿಗಿಂತ ಎಂಟು ಶತಮಾನ ಹಿರಿದೆಂಬುದಕ್ಕೆ ಇದೊಂದು ಸಾಕ್ಷಿ.

ಕನ್ನಡದಲ್ಲಿ ಈ ಪ್ರಕಾರ ಬಿ. ವೆಂಕಟಾಚಾರ್ಯರು ಅನುವಾದಿಸಿದ ಬಂಕಿಮಚಂದ್ರರ ಕೃತಿಗಳಿಂದಲೂ, ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಗಳಗನಾಥರು ಕನ್ನಡಕ್ಕೆ ತಂದುದರಿಂದಲೂ ಬೇರೂರಿತು. ಗಳಗನಾಥರು 1923ರಲ್ಲಿ ಸ್ವತಂತ್ರವಾಗಿ ಬರೆದ ‘ಮಾಧವ ಕರುಣಾ ವಿಲಾಸ’ಕ್ಕೆ ವಿಜಯನಗರದ ಸ್ಥಾಪನೆಯೇ ವಸ್ತು. ಅಲ್ಲಿ ಧರ್ಮೋದ್ಧಾರವೇ ಪ್ರಧಾನ. ಶೃಂಗಾರ ಅದರ ನೆರಳಿನಲ್ಲಿ ನಿಂತದ್ದು. ಓದುಗರೇ ಇಲ್ಲದ ಕಾಲದಲ್ಲಿ ಓದುಗರನ್ನು ಸೃಷ್ಟಿಸಿದ ಆ ಹಿರಿಯರ ಕೃತಿಯನ್ನು ಇಂದಿನ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ನಮ್ಮ ವಿಚಾರಕ್ಕೆ ಹೆಚ್ಚು ತಕ್ಕವು ಉಳಿದ ನಾಲ್ಕು. ಅವುಗಳಲ್ಲಿಯೂ ಎರಡು ‘ಶಾಂತಲೆ’ಗಳು.

ಅಯ್ಯರ್ ಅವರ ಶಾಂತಲೆ ಕನ್ನಡಿಗರ ಮನಸ್ಸನ್ನು ಸೂರೆಗೊಂಡವಳು. ನಾಟ್ಯಕೋವಿದೆ, ಪತಿಪ್ರಾಣೆ. ತನ್ನ ಸಖಿ ಲಕ್ಷ್ಮಿಯನ್ನು ವಿಷ್ಣುವರ್ಧನನಿಗೆ ತಾನೇ ಒಪ್ಪಿಸಿ, ಕಡೆಗೆ ಶಿವಗಂಗೆಯಲ್ಲಿ ಪ್ರಾಣ ನೀಗುವವಳು. ಕಥನದ ಮಾಧುರ್ಯವನ್ನೂ ಬೇಲೂರಿನ ಶಿಲ್ಪಲೋಕವನ್ನು ಕಣ್ಣೆದುರಿಗೆ ತರುವ ಶಕ್ತಿಯನ್ನೂ ನಾವು ಮನಸಾರೆ ಮೆಚ್ಚುತ್ತೇವೆ. ಆದರೆ ಶ್ರವಣಬೆಳಗೊಳದ ಬೆಟ್ಟವನ್ನು ಹತ್ತಿದವನಿಗೆ ಬೇರೊಬ್ಬ ಶಾಂತಲೆ ಎದುರಾಗುತ್ತಾಳೆ. 1123ರಲ್ಲಿ ಆಕೆ ಅಲ್ಲಿ ಕಟ್ಟಿಸಿದ ಬಸದಿಯ ಹೆಸರು ‘ಸವತಿಗಂಧವಾರಣ ಬಸದಿ’. ಅದು ರಾಣಿಯ ಬಿರುದಿನಿಂದಲೇ ಬಂದ ಹೆಸರು. ಸೊಕ್ಕಿದ ಸವತಿಯರ ಪಾಲಿಗೆ ಮದ್ದಾನೆಯಂತಿರುವವಳು ಎಂದು ಅದರ ತಾತ್ಪರ್ಯ. ಆಕೆ 1131ರಲ್ಲಿ ಶಿವಗಂಗೆಯಲ್ಲಿ ಸ್ವರ್ಗಸ್ಥಳಾದಳೆಂದು ಶಾಸನ ಹೇಳುತ್ತದೆ. ಬೆಟ್ಟದಿಂದ ಧುಮುಕಿದಳೆಂದು ಹೇಳುವುದಿಲ್ಲ. ಸವತಿಗೆ ಹಾದಿ ಬಿಟ್ಟುಕೊಟ್ಟ ತ್ಯಾಗಮೂರ್ತಿಗೂ ಈ ಬಿರುದನ್ನು ಕಲ್ಲಿನಲ್ಲಿ ಕಡೆಸಿಕೊಂಡ ರಾಣಿಗೂ ಎಷ್ಟೊಂದು ಅಂತರ!

ಇಲ್ಲಿ ಒಂದು ಆಕ್ಷೇಪವನ್ನು ನಾವೇ ಎತ್ತಿಕೊಳ್ಳಬೇಕು. ಇತಿವೃತ್ತದಲ್ಲಿ ರಸಕ್ಕೆ ಪ್ರತಿಕೂಲವಾದುದು ಕಂಡರೆ ಕವಿ ಅದನ್ನು ಬಿಟ್ಟು ರಸೋಚಿತವಾದ ಕಥೆಯನ್ನು ಕಲ್ಪಿಸಬಹುದೆಂದು ಆನಂದವರ್ಧನನೇ ಅನುಮತಿಸಿದ್ದಾನಲ್ಲವೆ? ಹೌದು. ಆದರೆ ಆ ಅನುಮತಿ ರಸದ ಸಲುವಾಗಿ, ಸುಲಭತೆಯ ಸಲುವಾಗಿ ಅಲ್ಲ. ಶೈವ ತಂದೆ, ಜೈನ ತಾಯಿ, ವೈಷ್ಣವಧರ್ಮಕ್ಕೆ ಒಲಿದನೆಂದು ಹೆಸರಾದ ಪತಿ. ಇವರ ನಡುವೆ ತನ್ನ ಜಿನಭಕ್ತಿಯನ್ನು ಬಿಡದೆ, ತನ್ನ ಪಟ್ಟವನ್ನು ಸಡಿಲಿಸದೆ ಬಾಳಿದ ಅಭಿಮಾನಿನಿಯ ಒಲವಿನಲ್ಲಿ ರಸಕ್ಕೆ ಕೊರತೆಯೆಲ್ಲಿ? ಆಕೆಯನ್ನು ಮೃದುಗೊಳಿಸಿದಾಗ ಕಳೆದುಹೋದದ್ದು ಚರಿತ್ರೆಯ ಸಂಗತಿ ಮಾತ್ರವಲ್ಲ, ರಸವೂ ಹೌದು. ಶಾಸನವನ್ನು ಕಡೆಗಣಿಸಿದುದಕ್ಕಾಗಿ ಅಲ್ಲ, ಶಾಸನದಲ್ಲಿದ್ದ ಕಾವ್ಯವನ್ನು ಕಡೆಗಣಿಸಿದುದಕ್ಕಾಗಿ ನಮಗೆ ವಿಷಾದ.

ನಾಗರಾಜರಾಯರು ಈ ಕೊರತೆಯನ್ನು ತುಂಬಲೆಂದೇ ಹೊರಟವರು. ಶಾಂತಲೆ ಆತ್ಮಹತ್ಯೆ ಮಾಡಿಕೊಂಡಳೆಂಬ ಪ್ರತೀತಿಯನ್ನು ಒಪ್ಪದೆ, ಶಾಸನಗಳನ್ನು ವರ್ಷಗಟ್ಟಲೆ ಪರಿಶೀಲಿಸಿ ನಾಲ್ಕು ಸಂಪುಟಗಳ ಬೃಹತ್ಕೃತಿಯನ್ನು ರಚಿಸಿದರು. 1983ರಲ್ಲಿ ಅದಕ್ಕೆ ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಪುರಸ್ಕಾರ ಸಂದಿತು. ಈ ಪರಿಶ್ರಮಕ್ಕೆ ನಾವು ತಲೆಬಾಗುತ್ತೇವೆ. ಆದರೂ ಓದುತ್ತ ಹೋದಂತೆ ನಮ್ಮನ್ನು ಬಾಧಿಸಿದ ಸಂಗತಿಯನ್ನು ಮರೆಮಾಚಲಾಗದು. ಈ ಶಾಂತಲೆ ಹೆಚ್ಚು ಪ್ರಾಮಾಣಿಕಳು. ಆದರೆ ಎಷ್ಟೋ ಕಡೆ ಒಲಿದ ಹೆಣ್ಣಾಗಿ ಮಾತನಾಡುವ ಬದಲು ಉಪದೇಶಕಿಯಾಗಿ ಮಾತನಾಡುತ್ತಾಳೆ. ಒಬ್ಬರು ಆಕೆಯನ್ನು ಕಣ್ಣೀರಿನಿಂದ ಪಾವನಗೊಳಿಸಿದರೆ ಇನ್ನೊಬ್ಬರು ವಿವೇಕದಿಂದ ಪಾವನಗೊಳಿಸಿದರು. ಮದ್ದಾನೆ ಇಬ್ಬರಿಗೂ ಅಂಜಿಕೆ ತಂದಿತೋ ಏನೋ.

ಮಾಸ್ತಿಯವರ ಮಾರ್ಗ ಭಿನ್ನವಾದುದು. 1763ರಲ್ಲಿ ಹೈದರನ ಕೈವಶವಾದ ಬಿದನೂರಿನ ಕಡೆಯ ದಿನಗಳೇ ‘ಚನ್ನಬಸವನಾಯಕ’ದ ವಸ್ತು. ವಿಧವೆ ರಾಣಿ ವೀರಮ್ಮಾಜಿಗೂ ನಿಂಬಯ್ಯನಿಗೂ ಇದ್ದಿತೆನ್ನಲಾದ ಸಂಬಂಧ ಅಲ್ಲಿ ಕಥೆಯ ಅಲಂಕಾರವಲ್ಲ, ಕಥೆಯ ಕಾರಣ. ಈ ಅಪವಾದವನ್ನು ಬರೆದಿಟ್ಟವರಲ್ಲಿ ವಿಲ್ಕ್ಸನಂಥ ಆಂಗ್ಲ ಸೇನಾಧಿಕಾರಿಯೂ ಸೇರಿರುವುದರಿಂದ ಅದನ್ನು ಇಡಿಯಾಗಿ ನಂಬಬೇಕಾಗಿಲ್ಲ. ಕಾದಂಬರಿ ಅದನ್ನು ಸ್ವೀಕರಿಸಿದುದು ವಾದಾಸ್ಪದವೇ. ಆದರೆ ಮಾಸ್ತಿಯವರು ರಾಣಿಯ ಬಯಕೆಯನ್ನು ಚಪ್ಪರಿಸುವುದಿಲ್ಲ, ಶಪಿಸುವುದೂ ಇಲ್ಲ. ಅರಮನೆಯ ಒಂದು ಕೋಣೆಯ ದೌರ್ಬಲ್ಯ ರಾಜ್ಯದ ದೌರ್ಬಲ್ಯವಾಗುವ ಬಗೆಯನ್ನು ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಪ್ರಣಯಕ್ಕೆ ಆ ಕಾಲದಲ್ಲಿ ಇದ್ದ ಬೆಲೆ ಇಲ್ಲಿ ನಮಗೆ ತಿಳಿಯುತ್ತದೆ. ಔಚಿತ್ಯವೆಂದು ನಾವು ಕರೆಯುವುದು ಇದನ್ನೇ.

‘ದುರ್ಗಾಸ್ತಮಾನ’ 1982ರಲ್ಲಿ ಪ್ರಕಟವಾಯಿತು, ತ. ರಾ. ಸು. 1984ರಲ್ಲಿ ಗತಿಸಿದ ಮೇಲೆ, 1985ರಲ್ಲಿ, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. 1779ರಲ್ಲಿ ಹೈದರನಿಗೆ ಸೋತ ಮದಕರಿನಾಯಕನ ಕಥೆ ಇದು. ಇಲ್ಲಿ ರಾಣಿಯರಿದ್ದಾರೆ, ಶೃಂಗಾರವೂ ಉಂಟು. ಆದರೆ ಕೃತಿಯ ನಿಜವಾದ ನಾಯಿಕೆ ದುರ್ಗವೇ. ನಾಯಕನ ವಿರಹವೆಂದರೆ ಕೋಟೆಯ ವಿರಹ. ಈ ಒಲವಿನ ತೀವ್ರತೆಯೇ ಕೃತಿಯ ಹಿರಿಮೆ. ಅದರ ಮಿತಿಯೂ ಅಲ್ಲಿಯೇ ಇದೆ. ತ. ರಾ. ಸು. ಅವರ ದುರ್ಗದ ಕಾದಂಬರಿಗಳಲ್ಲಿ ನೆರೆಯ ಪಾಳೆಯಪಟ್ಟುಗಳನ್ನು ನಾವು ನೋಡುವುದು ದುರ್ಗದ ಬತೇರಿಯ ಮೇಲಿನಿಂದ. 1748ರ ಮಾಯಕೊಂಡದ ಕದನದಲ್ಲಿ ದುರ್ಗದ ದೊರೆಯನ್ನು ಕೆಡವಿದ ಸೋಮಶೇಖರನಾಯಕ ಹರಪನಹಳ್ಳಿಯವನು. ದುರ್ಗದವರಿಗೆ ಆತ ವೈರಿ, ಈ ಸೀಮೆಯವರಿಗೆ ತಮ್ಮ ಅರಸು. ಒಲವು ಯಾವುದರ ಮೇಲಿದ್ದರೂ ಅದು ಎದುರಿನವನ ಮುಖವನ್ನು ಮಸುಕಾಗಿಸುತ್ತದೆಂಬುದನ್ನು ಹಂಪಸಾಗರದಲ್ಲಿ ಓದಿದಾಗ ನಾವು ಹೆಚ್ಚು ಸ್ಪಷ್ಟವಾಗಿ ಕಂಡೆವು.

ಕೊನೆಯದಾಗಿ, ಈ ಸೀಮೆಯವಳೇ ಎನ್ನಬಹುದಾದ ಒಬ್ಬ ಹೆಣ್ಣು ನೆನಪಾಗುತ್ತಾಳೆ. ಕಂಪಿಲಿಯ ಕುಮಾರರಾಮನ ಕಥೆಯ ರತ್ನಾಜಿ, ವೃದ್ಧ ದೊರೆಯ ತರುಣ ಮಡದಿ. ಚೆಂಡನ್ನು ಅರಸಿ ಬಂದ ಮಲಮಗನಿಗೆ ಮನಸೋತು, ಆತ ನಿರಾಕರಿಸಿದಾಗ ಅಪವಾದ ಹೊರಿಸಿದವಳು. ನಂಜುಂಡ ಕವಿಯ ಕಾವ್ಯದಲ್ಲಿಯೂ ಜನರ ಬಾಯಿಯಲ್ಲಿಯೂ ರಾಮ ‘ಪರನಾರಿಸಹೋದರ’ನಾಗಿ ಬೆಳಗುತ್ತಾನೆ, ಆ ಬೆಳಕಿಗೆ ರತ್ನಾಜಿಯ ಕತ್ತಲೆ ಬೇಕಾಗಿತ್ತು. ಆಕೆಯ ತಪ್ಪನ್ನು ಮುಚ್ಚದೆ ಆಕೆಯ ಬಾಳನ್ನು ಅರಿಯುವ ಬರವಣಿಗೆಯೇ ಐತಿಹಾಸಿಕ ಪ್ರಣಯಕಾದಂಬರಿಯ ನಿಜವಾದ ಒರೆಗಲ್ಲು.

ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಶಾಸನವನ್ನು ಓದುವ ಮೊದಲೇ ಕಾದಂಬರಿಯನ್ನು ಓದಿರುತ್ತಾರೆ. ಶಿವಗಂಗೆಯಲ್ಲಿ ನಿಂತಾಗ ಅವರ ಕಣ್ಣಿಗೆ ಕಾಣುವುದು ಕಾದಂಬರಿಯ ಶಾಂತಲೆಯೇ. ಇದನ್ನು ನಾವು ದೂರುತ್ತಿಲ್ಲ. ಕಾದಂಬರಿಯ ಶಕ್ತಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರವಿಲ್ಲ. ಆದರೆ ಸತ್ತವರು ತಮ್ಮ ಪರವಾಗಿ ಮಾತನಾಡಲಾರರು. ಅವರ ಪರವಾಗಿ ಒಲಿಯುವ, ಅಳುವ, ಸಾಯುವ ಹಕ್ಕನ್ನು ಕಾದಂಬರಿಕಾರನು ವಹಿಸಿಕೊಂಡ ಮೇಲೆ, ಅವರು ಕಲ್ಲಿನಲ್ಲಿ ಬಿಟ್ಟುಹೋದ ಒಂದೆರಡು ಮಾತನ್ನಾದರೂ ಕಿವಿಗೊಟ್ಟು ಕೇಳುವುದು ಆತನ ಋಣ. ಆ ಋಣವನ್ನು ತೀರಿಸಿದ ಕೃತಿ ರಸದಲ್ಲಿಯೂ ಸೋಲುವುದಿಲ್ಲವೆಂಬುದೇ ನಮ್ಮ ಅಭಿಪ್ರಾಯ.