ಬಾಡಿಗೆದಾರನ ಹಕ್ಕು, ಕೋರ್ಟಿನ ವಾಯಿದೆ

ಬಾಡಿಗೆದಾರನನ್ನು ಮನೆಯಿಂದ ಹೊರಹಾಕಲು ಮಾಲಿಕ ಗೂಂಡಾಗಳನ್ನು ಕರೆಸಬೇಕಾಗಿಲ್ಲ. ಕುಸಿಯುತ್ತಿರುವ ಗೋಡೆಯನ್ನು ಹಾಗೆಯೇ ಬಿಟ್ಟರೆ ಸಾಕು, ಒಂದು ದಿನ ಮನೆಯೇ ಆ ಕೆಲಸ ಮಾಡುತ್ತದೆ. ಸಯೀದ್ ಅಖ್ತರ್ ಮಿರ್ಜಾ ನಿರ್ದೇಶಿಸಿದ 1984ರ ಹಿಂದಿ ಚಿತ್ರ ‘ಮೋಹನ್ ಜೋಶಿ ಹಾಜಿರ್ ಹೋ’ ಈ ಸತ್ಯವನ್ನೇ ಹೇಳುತ್ತದೆ. ಬಾಡಿಗೆ ಕಾನೂನಿನ ಚರ್ಚೆ ಬಂದಾಗಲೆಲ್ಲ ನಮಗೆ ಈ ಚಿತ್ರ ನೆನಪಾಗುತ್ತದೆ.

ಮುಂಬಯಿಯ ಹಳೆಯ ಕಟ್ಟಡವೊಂದರಲ್ಲಿ ವಯಸ್ಸಾದ ಮೋಹನ್ ಜೋಶಿಯ ಸಂಸಾರವಿದೆ. ಕಟ್ಟಡ ಶಿಥಿಲವಾಗಿದೆ. ಮಾಲಿಕನಿಗೆ ಅದರ ದುರಸ್ತಿ ಬೇಕಿಲ್ಲ, ಜಾಗ ಖಾಲಿಯಾದರೆ ಸಾಕು. ನೆರೆಯವರು ಗೊಣಗುತ್ತಾ ಸಹಿಸಿಕೊಂಡಿರುವಾಗ ಜೋಶಿ ದಂಪತಿ ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ. ವರ್ಷಗಳು ಉರುಳುತ್ತವೆ. ಅವರ ಪರವಾಗಿ ವಾದಿಸುವ ವಕೀಲರೇ ಅವರನ್ನು ಹಿಂಡಿ ಶ್ರೀಮಂತರಾಗುತ್ತಾರೆ. ಜನ ನಗುತ್ತಾರೆ. ಆದರೂ ದಂಪತಿ ಹಿಂದೆ ಸರಿಯುವುದಿಲ್ಲ.

ಜೋಶಿಯಾಗಿ ಹಿಂದಿಯ ಹಿರಿಯ ಸಾಹಿತಿ ಭೀಷ್ಮ ಸಾಹ್ನಿ, ಪತ್ನಿಯಾಗಿ ದೀನಾ ಪಾಠಕ್ ಅಭಿನಯಿಸಿದ್ದಾರೆ. ಇಬ್ಬರಲ್ಲೂ ನಾಟಕೀಯತೆ ಇಲ್ಲ. ನಮ್ಮ ಬೀದಿಯ ಹಿರಿಯರಂತೆಯೇ ಇದ್ದಾರೆ. ನಸೀರುದ್ದೀನ್ ಶಾ ಅವರ ವಕೀಲ ನಗಿಸುತ್ತಲೇ ಹೊಟ್ಟೆ ಉರಿಸುತ್ತಾನೆ. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು ಕುಟುಂಬ ಕಲ್ಯಾಣದ ವಿಭಾಗದಲ್ಲಿ! ಒಂದು ಕುಟುಂಬ ಕೋರ್ಟಿನಲ್ಲಿ ಕರಗಿಹೋಗುವ ಕಥೆಗೆ ಈ ಹೆಸರಿನ ಪ್ರಶಸ್ತಿ ಸಿಕ್ಕಿದ್ದು ವಿಚಿತ್ರವೇ ಸರಿ.

ಜೋಶಿಯ ಪರ ಕಾನೂನು ಇರಲಿಲ್ಲವೇ? ಇತ್ತು. 1947ರ ಬಾಂಬೆ ಬಾಡಿಗೆ ಕಾಯ್ದೆಯ ಪ್ರಕಾರ, ನ್ಯಾಯವಾದ ಬಾಡಿಗೆ ಕೊಟ್ಟು ಷರತ್ತು ಪಾಲಿಸುವವನನ್ನು ಕಾಯ್ದೆ ಹೇಳಿದ ಕಾರಣವಿಲ್ಲದೆ ಬಿಡಿಸುವಂತಿರಲಿಲ್ಲ. ಮನೆಯನ್ನು ವಾಸಯೋಗ್ಯವಾಗಿಡುವುದು ಮಾಲಿಕನ ಹೊಣೆ. ಅವನು ಮಾಡದಿದ್ದರೆ ನೋಟಿಸು ಕೊಟ್ಟು ತಾನೇ ದುರಸ್ತಿ ಮಾಡಿಸಿ, ಒಂದು ಮಿತಿಯೊಳಗೆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳುವ ಅವಕಾಶವೂ ಇತ್ತು. ಆದರೆ ಇಡೀ ಕಟ್ಟಡವೇ ಕುಸಿಯುತ್ತಿರುವಾಗ ಒಬ್ಬ ಬಾಡಿಗೆದಾರ ತನ್ನ ಕೈಯಿಂದ ಎಷ್ಟು ದುರಸ್ತಿ ಮಾಡಿಸಿಯಾನು? ಕೊನೆಗೆ ನ್ಯಾಯಾಧೀಶರು ಕಟ್ಟಡ ನೋಡಲು ಬಂದಾಗ ಮಾಲಿಕನ ಕಡೆಯವರು ಆಸರೆ ಕಂಬ ಕೊಟ್ಟು, ತೇಪೆ ಹಾಕಿ ನಿಲ್ಲಿಸಿರುತ್ತಾರೆ. ಜೋಶಿ ಆ ಕಂಬಗಳನ್ನೇ ಕಿತ್ತೆಸೆಯುತ್ತಾನೆ. ಕಟ್ಟಡ ಅವನ ಮೇಲೆಯೇ ಕುಸಿಯುತ್ತದೆ. ಗೆದ್ದವ ಸೋತ, ಸೋತವ ಸತ್ತ ಎಂಬ ನಮ್ಮ ಗಾದೆಯನ್ನು ಇಷ್ಟು ಕಟುವಾಗಿ ತೋರಿಸಿದ ದೃಶ್ಯ ಅಪರೂಪ.

ಆದರೆ ಚಿತ್ರದ ಬಗ್ಗೆ ನಮಗೊಂದು ತಕರಾರಿದೆ. ಇಲ್ಲಿ ದೋಷವೆಲ್ಲ ದುರಾಸೆಯ ಮಾಲಿಕ ಮತ್ತು ವಕೀಲರ ಮೇಲೆ ಬೀಳುತ್ತದೆ. ಮುಂಬಯಿಯ ಹಳೆಯ ಮನೆಗಳ ಬಾಡಿಗೆ 1940ರ ಮಟ್ಟಕ್ಕೆ ಕಟ್ಟುಬಿದ್ದಿತ್ತು. ಆ ಹಣದಲ್ಲಿ ದುರಸ್ತಿ ಸಾಧ್ಯವೇ ಎಂಬ ಪ್ರಶ್ನೆಯತ್ತ ಚಿತ್ರದ ಗಮನ ಹೆಚ್ಚು ಹೋಗುವುದಿಲ್ಲ. ಕಾಲ ಕಳೆದಂತೆ ಈ ಬಾಡಿಗೆ ನಿಗದಿ ಅಸಮಂಜಸವಾಗಿದೆಯೆಂದು ಸುಪ್ರೀಂ ಕೋರ್ಟು 1997ರಲ್ಲಿ ಹೇಳಿತು. 2000ದಲ್ಲಿ ಮಹಾರಾಷ್ಟ್ರದಲ್ಲಿ ಹೊಸ ಕಾಯ್ದೆ ಜಾರಿಗೆ ಬಂತು. ಒಬ್ಬ ಕೆಟ್ಟ ಮಾಲಿಕನನ್ನು ತೋರಿಸುವುದು ಸುಲಭ. ಒಳ್ಳೆಯ ಮಾಲಿಕನೂ ಕೈಚೆಲ್ಲುವಂತೆ ಮಾಡುವ ವ್ಯವಸ್ಥೆಯನ್ನು ತೋರಿಸುವುದು ಕಷ್ಟ.

ಅದು ಮುಂಬಯಿಯ ಕಥೆಯಾಯಿತು, ಕರ್ನಾಟಕದಲ್ಲಿರುವ ನಮಗೇನು ಎನ್ನುವಂತಿಲ್ಲ. ಇಲ್ಲಿ 1961ರ ಕಾಯ್ದೆಯ ಬದಲಿಗೆ 1999ರ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಿಂದ ಜಾರಿಗೆ ಬಂತು. ಅದು ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂ., ಇತರೆಡೆ 2,000 ರೂ. ಮೀರಿದ ಬಾಡಿಗೆಯ ಮನೆಗಳನ್ನು ತನ್ನ ರಕ್ಷಣೆಯಿಂದ ಹೊರಗಿಟ್ಟಿತು. ಇಂದು ಬೆಂಗಳೂರಿನಲ್ಲಿ ಆ ಬಾಡಿಗೆಗೆ ಎಂಥ ಮನೆ ಸಿಗುತ್ತದೆ? ಹೊರಗುಳಿದವರಿಗೆ ಉಳಿದಿರುವುದು ಕರಾರು ಪತ್ರ ಮತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಬೇರೆ ಕರಾರಿಲ್ಲದ ತಿಂಗಳ ಬಾಡಿಗೆಗೆ ಅದರಲ್ಲಿರುವ ನೋಟಿಸಿನ ಅವಧಿ 15 ದಿನ ಮಾತ್ರ.

ಆದರೂ ಒಂದು ಮಾತನ್ನು ಪ್ರತಿ ಬಾಡಿಗೆದಾರ ತಿಳಿದಿರಬೇಕು. ನೋಟಿಸಿನ ಅವಧಿ ಮುಗಿದರೂ ಸಾಮಾನು ಬೀದಿಗೆಸೆದು ಬೀಗ ಜಡಿಯುವ ಅಧಿಕಾರ ಮಾಲಿಕನಿಗಿಲ್ಲ. ಅವನು ಕೋರ್ಟಿಗೇ ಹೋಗಬೇಕು. ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ, ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಲು 1963ರ ನಿರ್ದಿಷ್ಟ ಪರಿಹಾರ ಕಾಯ್ದೆ ಅವಕಾಶ ಕೊಟ್ಟಿದೆ.

2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಯ ಮುಂಗಡವನ್ನು ಎರಡು ತಿಂಗಳ ಬಾಡಿಗೆಗೆ ಮಿತಗೊಳಿಸುತ್ತದೆ, ಬೇಗ ತೀರ್ಪು ಕೊಡಲು ಪ್ರತ್ಯೇಕ ನ್ಯಾಯಾಲಯ ಬೇಕೆನ್ನುತ್ತದೆ. ಅವಧಿ ಮೀರಿ ಉಳಿದವನಿಗೆ ಮೊದಲ ಎರಡು ತಿಂಗಳು ಇಮ್ಮಡಿ, ಆಮೇಲೆ ನಾಲ್ಕು ಪಟ್ಟು ಬಾಡಿಗೆಯನ್ನೂ ವಿಧಿಸುತ್ತದೆ. ಅದನ್ನು ಒಪ್ಪುವುದು ಬಿಡುವುದು ರಾಜ್ಯಗಳಿಗೆ ಬಿಟ್ಟದ್ದು. ಕೋರ್ಟು ಬೇಗ ನಡೆಯಲಿ ಎಂಬುದು ನಮ್ಮ ಆಸೆಯೂ ಹೌದು. ಆದರೆ ಮನೆ ಬಿಡಿಸುವ ಅರ್ಜಿಗೆ ಇರುವ ವೇಗ, ಗೋಡೆ ಬಿರಿದಿದೆ ಎಂದು ದೂರು ಕೊಟ್ಟವನ ಅರ್ಜಿಗೂ ಇರುತ್ತದೆಯೇ? ಬಾಡಿಗೆ ಕಾನೂನು ನ್ಯಾಯವಾಗಿದೆಯೇ ಎಂಬುದನ್ನು ಈ ಒಂದು ಪ್ರಶ್ನೆಯಿಂದಲೇ ಅಳೆಯಬಹುದು.