ಹಾರ್ಡ್‌ವೇರ್ ಅಂಗಡಿಯ ಗಿರಾಕಿ ಯಾರು?

ಮನೆ ಕಟ್ಟಿಸುವವರೂ, ಇದ್ದ ಮನೆಯ ಬಚ್ಚಲು ಅಡಿಗೆಮನೆಗಳನ್ನು ಒಡೆಸಿ ಹೊಸದು ಮಾಡಿಸುವವರೂ ಕೆಲಸಕ್ಕೆ ಕೈಹಚ್ಚುವ ಮುನ್ನ ಒಂದು ಪರ್ಯಟನವನ್ನು ತಪ್ಪದೆ ಕೈಗೊಳ್ಳುತ್ತಾರೆ. ಬೆಂಗಳೂರಿನವರಾದರೆ ತಂತಿ, ಸ್ವಿಚ್ಚು, ದೀಪಗಳಿಗಾಗಿ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯನ್ನೂ, ಮೋಟಾರು ಮತ್ತು ಉಪಕರಣಗಳಿಗಾಗಿ ಎಸ್.ಪಿ. ರಸ್ತೆಯನ್ನೂ, ಪ್ಲೈವುಡ್ಡಿಗಾಗಿ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯನ್ನೂ ಸುತ್ತಿ, ಕಡೆಗೆ ತಮ್ಮ ಬೀದಿಯ ಮೂಲೆಯ ಹಾರ್ಡ್‌ವೇರ್ ಅಂಗಡಿಯಲ್ಲಿಯೂ ವಿಚಾರಿಸಿ, ಅಲ್ಲಲ್ಲಿ ಬರೆಯಿಸಿಕೊಂಡ ಕೊಟೇಶನ್ನುಗಳನ್ನು ರಾತ್ರಿ ಊಟವಾದ ಮೇಲೆ ಮೇಜಿನ ಮೇಲೆ ಹರಡಿಕೊಂಡು, ಇಲ್ಲಿ ಎರಡು ರೂಪಾಯಿ ಕಡಮೆ, ಅಲ್ಲಿ ಮಾತು ನಯ, ಎಂದು ತೂಗಿ ನೋಡುವ ಈ ಪದ್ಧತಿ ಲೋಕವ್ಯವಹಾರದಲ್ಲಿ ವಿವೇಕದ ಲಕ್ಷಣವೆಂದೇ ಮಾನ್ಯವಾಗಿದೆ. ಆ ಮನ್ನಣೆಗೆ ಅದು ಎಷ್ಟರಮಟ್ಟಿಗೆ ಅರ್ಹವೆಂಬುದು ವಿಚಾರಾರ್ಹ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಈ ಹೋಲಿಕೆಯ ಬಹುಭಾಗ ವ್ಯರ್ಥಶ್ರಮ. ಏಕೆಂದರೆ ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಹಣ ತೆರುವವನು ಮನೆಯ ಯಜಮಾನನಾದರೂ ಅಂಗಡಿಯವನು ಗಿರಾಕಿಯೆಂದು ಎಣಿಸುವುದು ಕೆಲಸ ಮಾಡುವ ಮೇಸ್ತ್ರಿಯನ್ನೋ ಪ್ಲಂಬರನ್ನೋ.

ಇದನ್ನು ಕಣ್ಣಾರೆ ಕಾಣಬೇಕಾದರೆ ಯಾವ ಬಡಾವಣೆಯ ಅಂಗಡಿಯಲ್ಲಾದರೂ ಬೆಳಗಿನ ಹತ್ತು ಗಂಟೆಯ ಸುಮಾರಿಗೆ ಹೋಗಿ ನಿಲ್ಲಬೇಕು. ಹೊರಗೆ ಬಾಂಡ್ಲಿ, ಗುದ್ದಲಿ, ಹಸಿರು ಪೈಪಿನ ಸುರುಳಿಗಳು. ಒಳಗೆ ಸೂರು ಮುಟ್ಟುವವರೆಗೆ ಒಂದರ ಮೇಲೊಂದು ಪೇರಿಸಿದ ರಟ್ಟಿನ ಪೆಟ್ಟಿಗೆಗಳು, ಪ್ರತಿ ಪೆಟ್ಟಿಗೆಯ ಮುಖಕ್ಕೂ ಒಳಗಿರುವ ವಸ್ತುವಿನ ಒಂದೊಂದು ಮಾದರಿಯನ್ನು ತಂತಿಯಿಂದ ಬಿಗಿದು ತೂಗಹಾಕಿರುವುದೇ ಅದರ ನಾಮಫಲಕ. ಸಂಭಾವಿತ ಗೃಹಸ್ಥರೊಬ್ಬರು ಬಂದು ಮುಕ್ಕಾಲಿಂಚಿನ ಎಲ್ಬೋ ಒಂದು ಬೇಕೆನ್ನುತ್ತಾರೆ. “ಪ್ಲೇನ್ ಬೇಕಾ ಸಾರ್, ಬ್ರಾಸ್ ಬೇಕಾ?” ಎಂದು ಪ್ರಶ್ನೆ ಬರುತ್ತದೆ. ಗೃಹಸ್ಥರು ಯೋಚಿಸುತ್ತಿರುವಾಗಲೇ “ಸಿಪಿವಿಸಿನಾ, ಯುಪಿವಿಸಿನಾ?” ಎಂದು ಎರಡನೆಯ ಪ್ರಶ್ನೆ. ಅವರು ಬಿಸಿನೀರಿನ ಕೊಳಾಯಿಗೆ ಎನ್ನುತ್ತಾರೆ. ಅಂಗಡಿಯವನು ಸ್ವಲ್ಪವೂ ಅವಿನಯವಿಲ್ಲದೆ, “ಪ್ಲಂಬರ್‌ಗೆ ಫೋನ್ ಮಾಡಿ ಕೊಡಿ ಸಾರ್, ನಾನೇ ಮಾತಾಡ್ತೀನಿ” ಎಂದು ಕೈ ಚಾಚುತ್ತಾನೆ. ಫೋನು ಕೈಗೆ ಬಂದೊಡನೆ “ಹೇಳಣ್ಣ, ಏನ್ ಬೇಕು?” ಎನ್ನುವ ಆ ಧ್ವನಿಯ ಸಲಿಗೆಯೇ ಬೇರೆ. ಅರ್ಧ ನಿಮಿಷದಲ್ಲಿ ವ್ಯವಹಾರ ಮುಗಿಯುತ್ತದೆ; ಎಲ್ಬೋದ ಜೊತೆಗೆ ಎರಡು ಕಪ್ಲಿಂಗು, ಎಂಟಿಎ ಎಂಬ ಒಂದು ಅಡಾಪ್ಟರ್, ಒಂದು ಟೆಫ್ಲಾನ್ ಟೇಪು, ಸಾಲ್ವೆಂಟಿನ ಚಿಕ್ಕ ಡಬ್ಬಿ ಇಷ್ಟೂ ಚೀಲ ಸೇರುತ್ತವೆ; ಗೃಹಸ್ಥರು ಹಣ ಕೊಟ್ಟು ಹೊರಡುತ್ತಾರೆ. ಇಲ್ಲಿ ಯಾರಿಗೂ ಅನ್ಯಾಯವಾಗಲಿಲ್ಲ, ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ. ಸೇವೆ ಅತ್ಯುತ್ತಮವಾಗಿಯೇ ಇತ್ತು, ಆದರೆ ಅದು ಸಂದದ್ದು ಎದುರಿಗಿದ್ದವರಿಗೆ ಅಲ್ಲ.

ಈ ಸೇವೆಯ ವಿಸ್ತಾರವನ್ನು ಮೇಸ್ತ್ರಿಯ ಕಡೆಯಿಂದ ನೋಡಿದಲ್ಲದೆ ಅದರ ಬೆಲೆ ತಿಳಿಯದು. ತೊಂಬತ್ತು ಮೀಟರಿನ ತಂತಿಯ ಸುರುಳಿಯನ್ನು ಬಿಚ್ಚಿ ಹದಿನೇಳು ಮೀಟರು ಕತ್ತರಿಸಿ ಕೊಡುವುದು, ಜಿಐ ಪೈಪಿಗೆ ಅಂಗಡಿಯಲ್ಲಿಯೇ ಮರೆ (ಥ್ರೆಡ್) ಹಾಕಿಸಿಕೊಡುವುದು, ಭಾನುವಾರ ಬಾಗಿಲೆಳೆದ ಮೇಲೂ ಒಂದು ವಾಲ್ವಿಗಾಗಿ ಅರ್ಧ ಬಾಗಿಲು ತೆರೆಯುವುದು, ತಿಂಗಳ ಲೆಕ್ಕಕ್ಕೆ ಸಾಮಾನು ಕೊಟ್ಟು ಚೀಟಿ ಬರೆದಿಟ್ಟುಕೊಳ್ಳುವುದು, ಮಿಕ್ಕ ಸಾಮಾನನ್ನು ಬಿಲ್ಲು ಕೇಳದೆ ಹಿಂದಕ್ಕೆ ತೆಗೆದುಕೊಳ್ಳುವುದು, ಇವೆಲ್ಲವೂ ಒಟ್ಟಿಗೆ ದೊಡ್ಡ ಮಳಿಗೆಗಳಲ್ಲಿ ಸಿಗುವುದು ಅಪರೂಪವಾದ ಉಪಕಾರಗಳು. ಇವುಗಳಿಗೆ ತಗಲುವ ವೆಚ್ಚವನ್ನು ಯಾರಾದರೊಬ್ಬರು ಭರಿಸಲೇಬೇಕಷ್ಟೆ. ಅದಕ್ಕೆ ಮೇಲಾಗಿ ಮೇಸ್ತ್ರಿಗೆ ಸಲ್ಲುವ ಕಮಿಷನ್ನೂ ಉಂಟು. ಹಿಂತಿರುಗಿಸಿದ ಫಿಟ್ಟಿಂಗುಗಳ ಹಣ ಅನೇಕ ವೇಳೆ ಮನೆಯವರ ಬಿಲ್ಲಿನಿಂದ ಇಳಿಯುವ ಬದಲು ಮೇಸ್ತ್ರಿಯ ಲೆಕ್ಕಕ್ಕೆ ಜಮೆಯಾಗುತ್ತದೆಂಬುದನ್ನು ಈ ವ್ಯಾಪಾರವನ್ನು ಹತ್ತಿರದಿಂದ ಬಲ್ಲವರು ಯಾರೂ ಅಲ್ಲಗಳೆಯರು. ಇದನ್ನು ಕೇವಲ ವಂಚನೆಯೆಂದು ತಳ್ಳಿಹಾಕುವುದು ನನಗೆ ಒಪ್ಪಿತವಲ್ಲ. ಕೂಲಿಯನ್ನು ಚೌಕಾಶಿ ಮಾಡಿ ಇಳಿಸಿದ ಮನೆಯವರೇ ಅಂಗಡಿಯಲ್ಲಿ ಆ ಇಳಿಸಿದ ಭಾಗವನ್ನು ತಮಗರಿವಿಲ್ಲದಂತೆ ತುಂಬಿಕೊಡುತ್ತಾರೆ. ಕೂಲಿಯಲ್ಲಿ ಗೆದ್ದದ್ದನ್ನು ಸಾಮಾನಿನಲ್ಲಿ ಸೋಲುವುದು ನಮ್ಮ ಗೃಹನಿರ್ಮಾಣದ ಹಳೆಯ ಸಮೀಕರಣ.

ಬಣ್ಣದ ಕಂಪನಿಗಳಂತೂ ನಿಜವಾದ ಗಿರಾಕಿ ಕೆಲಸಗಾರನೆಂಬ ಸತ್ಯವನ್ನು ಬಹುಕಾಲದ ಹಿಂದೆಯೇ ಅರಿತು, ಬಣ್ಣ ಬಳಿಯುವವನಿಗೆ ಸೇರಬೇಕಾದ ಟೋಕನ್ನನ್ನು ಡಬ್ಬಿಯೊಳಗೇ ಇಟ್ಟು ಮಾರುತ್ತ ಬಂದವು. ಈಗ ಅದರ ಬದಲಿಗೆ ಫೋನಿನಿಂದ ಸ್ಕ್ಯಾನ್ ಮಾಡುವ ಗುರುತು ಬಂದಿದೆ. ಡಬ್ಬಿಗೆ ಹಣ ಕೊಟ್ಟವನಿಗೆ ಆ ಟೋಕನ್ನಿನ ಅಸ್ತಿತ್ವವೇ ತಿಳಿಯದಿರುವುದುಂಟು.

ಪಾಶ್ಚಾತ್ಯರಲ್ಲಿ ಈ ವಾಣಿಜ್ಯ ಬೇರೊಂದು ದಾರಿ ಹಿಡಿಯಿತು. ಅಮೆರಿಕದಲ್ಲಿ ಗೃಹನಿರ್ಮಾಣ ಸಾಮಗ್ರಿಯ ಎರಡು ದೊಡ್ಡ ಮಳಿಗೆ ಸಂಸ್ಥೆಗಳಲ್ಲಿ ಲೋಸ್ 1921ರಲ್ಲಿ ನಾರ್ತ್ ಕೆರೊಲಿನಾದ ಒಂದು ಸಣ್ಣ ಊರಿನ ಹಾರ್ಡ್‌ವೇರ್ ಅಂಗಡಿಯಾಗಿ ಹುಟ್ಟಿದ್ದು. ಹೋಮ್ ಡಿಪೋ 1978ರಲ್ಲಿ ಸ್ಥಾಪಿತವಾಗಿ ಮರುವರ್ಷ ಅಟ್ಲಾಂಟಾದಲ್ಲಿ ಬಾಗಿಲು ತೆರೆಯಿತು. ಕೂಲಿ ದುಬಾರಿಯಾದ ಆ ದೇಶದಲ್ಲಿ ಗೃಹಸ್ಥನೇ ಶನಿವಾರ ಭಾನುವಾರಗಳಲ್ಲಿ ಮೊಳೆ ಹೊಡೆದು, ಟೈಲು ಕೂರಿಸಿ, ನಲ್ಲಿ ಬದಲಾಯಿಸುವುದರಿಂದ ಮಳಿಗೆಯವರು ಅವನನ್ನೇ ಉದ್ದೇಶಿಸಿ ಮಾತನಾಡಬೇಕಾಯಿತು. ಬೆಲೆಯನ್ನು ವಸ್ತುವಿನ ಕೆಳಗೆ ಸ್ಪಷ್ಟವಾಗಿ ಬರೆಯಬೇಕಾಯಿತು. ಕೊಂಡದ್ದು ಹೊಂದದಿದ್ದರೆ ಹೋಮ್ ಡಿಪೋದಲ್ಲಿ ಬಹುತೇಕ ಸಾಮಾನುಗಳನ್ನು 90 ದಿನಗಳೊಳಗೆ ಹಿಂತಿರುಗಿಸುವ ಅನುಕೂಲ ಬಂದಿತು. ಬೇರೆ ಮಳಿಗೆಯಲ್ಲಿ ಅದೇ ವಸ್ತು ಅಗ್ಗವೆಂದು ತೋರಿಸಿದರೆ ಆ ಬೆಲೆಗೇ ಕೊಡುವೆವೆಂಬ ಆಶ್ವಾಸನವೂ ಎರಡು ಕಡೆಯೂ ಉಂಟು. ಇದನ್ನು ಕೇಳಿ ನಮ್ಮವರು ಬೆರಗಾಗುವುದು ಸಹಜವೇ. ಆದರೆ ‘ಅದೇ ವಸ್ತು’ ಎಂಬ ಕಟ್ಟಳೆಯನ್ನು ಗಮನಿಸಬೇಕು. ಹಸ್ಕಿ ಎಂಬ ಹೆಸರಿನ ಸ್ಪ್ಯಾನರು ಹೋಮ್ ಡಿಪೋದ ಸ್ವಂತದ್ದು, ಕೋಬಾಲ್ಟ್ ಎಂಬುದು ಲೋಸ್‌ನ ಸ್ವಂತದ್ದು. ಎರಡೂ ಒಂದೇ ಕೆಲಸ ಮಾಡುವ ಸಾಧನಗಳಾದರೂ ಹೆಸರು ಬೇರೆಯಾದ್ದರಿಂದ ಆಶ್ವಾಸನ ಅಲ್ಲಿ ಅನ್ವಯಿಸುವುದೇ ಇಲ್ಲ. ಎಲ್ಲಿ ಹೋಲಿಕೆ ಅತ್ಯಂತ ಉಪಯುಕ್ತವೋ ಅಲ್ಲಿಯೇ ಅದನ್ನು ಅಸಾಧ್ಯಗೊಳಿಸುವ ಈ ಜಾಣ್ಮೆಯನ್ನು ಮೆಚ್ಚಬೇಕೋ ಶಂಕಿಸಬೇಕೋ ಓದುಗರೇ ನಿರ್ಣಯಿಸಲಿ. ಅಂದಹಾಗೆ, ಲೋಸ್ ಸಂಸ್ಥೆಯ ತಂತ್ರಜ್ಞಾನ ಕಾರ್ಯದ ಒಂದು ಭಾಗ ನಡೆಯುವುದು ಬೆಂಗಳೂರಿನಲ್ಲಿ. ಆ ದೂರದೇಶದ ಗೃಹಸ್ಥನ ಅನುಕೂಲಕ್ಕಾಗಿ ಹಗಲೆಲ್ಲ ದುಡಿಯುವ ನಮ್ಮ ಎಂಜಿನಿಯರು ಸಂಜೆ ತನ್ನ ಮನೆಯ ನಲ್ಲಿ ಸೋರಿದರೆ ಪ್ಲಂಬರಿಗೇ ಫೋನು ಮಾಡುತ್ತಾನೆ.

ಗ್ರಾಹಕನು ತಾನೇ ಕೈಯಾರೆ ಕೆಲಸ ಮಾಡುವವನಾಗಿದ್ದರಷ್ಟೇ ಅಂಥ ಮಳಿಗೆಗೆ ಅರ್ಥವೆಂಬುದಕ್ಕೆ ಚೀನಾದ ಪ್ರಸಂಗವೇ ಸಾಕ್ಷಿ. 2006ರಲ್ಲಿ ಅಲ್ಲಿಗೆ ಕಾಲಿಟ್ಟ ಹೋಮ್ ಡಿಪೋ, ಅಲ್ಲಿಯ ಜನ ತಾವೇ ಮಾಡಿಕೊಳ್ಳುವುದಕ್ಕಿಂತ ಮಾಡಿಸಿಕೊಳ್ಳುವವರೆಂಬುದನ್ನು ಕಂಡುಕೊಂಡು, 2012ರಲ್ಲಿ ಉಳಿದಿದ್ದ ತನ್ನ ಏಳು ದೊಡ್ಡ ಮಳಿಗೆಗಳನ್ನೂ ಮುಚ್ಚಿತು. ನಮ್ಮ ಸ್ಥಿತಿ ಅದಕ್ಕಿಂತ ಭಿನ್ನವೇನಲ್ಲ. ಹಾಗೆಂದು ದೊಡ್ಡ ಮಳಿಗೆ ನಮ್ಮಲ್ಲಿಗೆ ಬಾರದೆ ಇಲ್ಲ. 2022ರ ಜೂನಿನಲ್ಲಿ ಬೆಂಗಳೂರಿನ ನಾಗಸಂದ್ರದ ಮೆಟ್ರೋ ನಿಲ್ದಾಣದ ಪಕ್ಕದಲ್ಲಿ ತೆರೆದ ಐಕಿಯಾ ಮಳಿಗೆಯಲ್ಲಿ ನನಗೆ ನಿಜವಾಗಿ ಮೆಚ್ಚಿಕೆಯಾದ ಗುಣವೆಂದರೆ ಬೆಲೆಯ ನಿಸ್ಸಂದಿಗ್ಧತೆ: ವಸ್ತುವಿಗೆ ಇಷ್ಟು, ಮನೆಗೆ ಸಾಗಿಸುವುದಕ್ಕೆ ಇಷ್ಟು, ಜೋಡಿಸಿಕೊಡುವುದಕ್ಕೆ ಇಷ್ಟು, ಎಂದು ಮೂರೂ ಬೇರೆ ಬೇರೆಯಾಗಿ ನಿಂತಿರುತ್ತವೆ. ನಮ್ಮ ಅಂಗಡಿಗಳಲ್ಲಿ ಈ ಮೂರನ್ನೂ ಒಂದೇ ಪಾಕದಲ್ಲಿ ಕರಗಿಸಿ ಅಚ್ಚು ಹೊಯ್ದಿರುತ್ತಾರೆ, ಬೆಲ್ಲದಚ್ಚಿನಲ್ಲಿ ಕಬ್ಬು ಯಾವ ಗದ್ದೆಯದೆಂದು ತಿಳಿಯದಂತೆ. ಆದರೆ ಐಕಿಯಾದಲ್ಲಿ ಸಿಗುವುದು ಹೆಚ್ಚಾಗಿ ಪೀಠೋಪಕರಣ. ಗೋಡೆಯೊಳಗಿನ ಪೈಪು ಸೋರಿದಾಗ ಅಲ್ಲಿಗೆ ಯಾರೂ ಹೋಗರು. ಸಾಮಾನ್ಯವಾಗಿ ದೊಡ್ಡ ಮಳಿಗೆಗಳ ಸಹಾಯಕರಿಗೆ ವಸ್ತು ಎಷ್ಟನೆಯ ಸಾಲಿನಲ್ಲಿದೆಯೆಂಬುದು ಗೊತ್ತಿರುತ್ತದೆ, ಏತಕ್ಕೆ ಬರುತ್ತದೆಂಬುದು ಗೊತ್ತಿರುವುದಿಲ್ಲ. ಮೂಲೆಯಂಗಡಿಯವನಿಗೆ ಎರಡೂ ಗೊತ್ತು.

ಇನ್ನು ಬೆಲೆಗಳ ಹೋಲಿಕೆಯಲ್ಲಿರುವ ಗಣಿತದ ತೊಡಕುಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ನಯವಾದ ಮಾತಿಗೆ ಮರುಳಾಗದವರೂ ಇಲ್ಲಿ ಎಡವುತ್ತಾರೆ. ಎರಡಡಿಗೆ ಎರಡಡಿಯೆಂದು ಎಲ್ಲರೂ ಕರೆಯುವ ಟೈಲು ವಾಸ್ತವವಾಗಿ 600 ಮಿಲಿಮೀಟರಿನ ಚೌಕ, ಎರಡಡಿಯೆಂದರೆ 609.6 ಮಿಲಿಮೀಟರು. ಈ ಕೂದಲೆಳೆಯಷ್ಟು ಅಂತರದಿಂದ ನಾಲ್ಕು ಟೈಲಿನ ಪೆಟ್ಟಿಗೆ 1.44 ಚದರ ಮೀಟರು, ಅಂದರೆ 15.5 ಚದರಡಿಯನ್ನಷ್ಟೇ ಮುಚ್ಚುತ್ತದೆ. ಪೆಟ್ಟಿಗೆಗೆ 16 ಚದರಡಿಯೆಂದು ಲೆಕ್ಕ ಹಿಡಿಯುವ ಅಂಗಡಿಯೂ ಉಂಟು, 15.5 ಎಂದು ಹಿಡಿಯುವ ಅಂಗಡಿಯೂ ಉಂಟು. ಮೊದಲನೆಯವನು ಚದರಡಿಗೆ 60 ರೂಪಾಯಿಯೆಂದೂ ಎರಡನೆಯವನು 61 ರೂಪಾಯಿಯೆಂದೂ ಹೇಳಿದನೆನ್ನೋಣ. ಕೊಟೇಶನ್ನು ಹೋಲಿಸಿ ನೋಡಿದ ಯಜಮಾನರು ಹರ್ಷದಿಂದ ಮೊದಲನೆಯವನ ಬಳಿಗೆ ಹೋಗಿ ಪೆಟ್ಟಿಗೆಗೆ 960 ರೂಪಾಯಿ ಕೊಟ್ಟುಬರುತ್ತಾರೆ. ದುಬಾರಿಯೆಂದು ತಿರಸ್ಕೃತನಾದವನ ಪೆಟ್ಟಿಗೆ 945 ರೂಪಾಯಿ 50 ಪೈಸೆಗೆ ಬರುತ್ತಿತ್ತು. ಕಬ್ಬಿಣದಲ್ಲಿಯೂ ಇದೇ ಕಥೆ. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂಬುದು ಬರುತ್ತದೆಂದು ಕಂಬಿ ಕಟ್ಟುವ ಹುಡುಗನಿಗೂ ಬಾಯಿಪಾಠ. ಆ ಪ್ರಕಾರ 12 ಮಿಲಿಮೀಟರಿನ, 12 ಮೀಟರು ಉದ್ದದ ಒಂದು ಕಂಬಿ ಸುಮಾರು 10.66 ಕಿಲೋ ತೂಗಬೇಕು. ಆದರೆ ಈ ಗಾತ್ರದಲ್ಲಿ ಶೇಕಡಾ 5ರಷ್ಟು ಹೆಚ್ಚುಕಡಮೆಯನ್ನು ಭಾರತೀಯ ಮಾನಕವೇ ಒಪ್ಪುವುದರಿಂದ, ಕಂಬಿಗಿಷ್ಟೆಂದು ಮಾರುವವನೂ ಕಿಲೋಗಿಷ್ಟೆಂದು ಮಾರುವವನೂ ಹೇಳುವ ಬೆಲೆಗಳು ಕಂಬಿಯೊಂದಕ್ಕೆ ಅರ್ಧ ಕಿಲೋದಷ್ಟು ಕಬ್ಬಿಣವನ್ನು ತಮ್ಮ ನಡುವೆ ಬಚ್ಚಿಟ್ಟುಕೊಂಡಿರಬಹುದು.

ಮುದ್ರಿತ ಗರಿಷ್ಠ ಬೆಲೆಯಾದರೂ ಆಧಾರವಾಗುವುದೇ ಎಂದರೆ, ಕಾನೂನಿನ ಪ್ರಕಾರ ಎಂಆರ್‌ಪಿಯೆಂಬುದು ಮೀರಬಾರದ ಎಲ್ಲೆಯಷ್ಟೆ. ತಂತಿಯ ಸುರುಳಿಯ ಮೇಲೆ ಆ ಎಲ್ಲೆಯನ್ನು ಎಷ್ಟು ಎತ್ತರದಲ್ಲಿ ಗೀಚಿರುತ್ತಾರೆಂದರೆ, ಶೇಕಡಾ ಮೂವತ್ತು ಬಿಟ್ಟೆನೆಂದು ಅಂಗಡಿಯವನು ಔದಾರ್ಯ ತೋರಿದರೂ ಅದರಿಂದ ಏನೂ ತಿಳಿಯುವುದಿಲ್ಲ. ಮೊಳೆ, ಸರಪಳಿ, ಮರಳು, ಕತ್ತರಿಸಿದ ಪ್ಲೈವುಡ್ ಇವುಗಳಿಗೆ ಆ ಎಲ್ಲೆಯೂ ಇಲ್ಲ.

ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಂಥ ಸಗಟು ಬೀದಿಗಳ ವಿಷಯವನ್ನು ಹೆಚ್ಚು ಬೆಳೆಸಬೇಕಾದುದಿಲ್ಲ. ಅಲ್ಲಿ ಬೆಲೆ ನಿಜವಾಗಿಯೂ ಕಡಮೆ, ಆಯ್ಕೆ ವಿಪುಲ, ಸೇವೆ ಶೂನ್ಯ. ಬೇಕಾದ ಕಂಪನಿ, ಅಳತೆ, ಸಂಖ್ಯೆ ಇಷ್ಟನ್ನೂ ಖಚಿತವಾಗಿ ಬರೆದುಕೊಂಡು ಹೋದವನಿಗೆ ಮಾತ್ರ ಅದು ಲಾಭದ ಸ್ಥಾನ. ಒಂದು ಎಚ್ಚರಿಕೆ ಮಾತ್ರ ಅವಶ್ಯ. “ಬಿಲ್ ಬೇಕಾ ಸಾರ್? ಬಿಲ್ ಆದ್ರೆ ಜಿಎಸ್‌ಟಿ ಬೇರೆ” ಎಂದು ಕೇಳಿದಾಗ ಬಿಲ್ಲಿಲ್ಲದ ಬೆಲೆಯನ್ನು ಬೇರೊಂದು ಅಂಗಡಿಯ ಬಿಲ್ಲಿನ ಬೆಲೆಯೊಡನೆ ಹೋಲಿಸುವುದು ಅತಿ ಸಾಧಾರಣವಾದ ಪ್ರಮಾದ. ಸಾಮಾನುಗಳ ಮೇಲಿನ ತೆರಿಗೆ ಸಣ್ಣದಲ್ಲ. ಸಿಮೆಂಟಿನ ಮೇಲೆ ಶೇಕಡಾ 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 18ಕ್ಕಿಳಿದ ಮೇಲೂ ಅಷ್ಟೆ. ಮೋಟಾರೋ ಗೀಸರೋ ಆರು ತಿಂಗಳಲ್ಲಿ ಕೆಟ್ಟು ವಾರಂಟಿಗಾಗಿ ಹೋದಾಗ ಬಿಲ್ಲಿಲ್ಲದ ಆ ಉಳಿತಾಯದ ಸ್ವರೂಪ ಬಯಲಾಗುತ್ತದೆ. ಈ ಬೀದಿಗಳನ್ನು ಸುತ್ತಲೊಲ್ಲದವರಿಗೆ ಕೆಲವೇ ನಿಮಿಷಗಳಲ್ಲಿ ಮನೆಬಾಗಿಲಿಗೆ ಬಲ್ಬು, ಎಕ್ಸ್‌ಟೆನ್ಶನ್ ಬೋರ್ಡುಗಳನ್ನು ತಂದೊಪ್ಪಿಸುವ ಹೊಸ ವ್ಯವಸ್ಥೆಯೂ ಬಂದಿದೆ. ಬಲ್ಬಿಗೆ ಅದು ಸಾಕು, ಬಚ್ಚಲಿಗೆ ಸಾಲದು.

ಹಾಗೆಂದು ಹೋಲಿಸುವುದನ್ನೇ ಬಿಡಬೇಕೆಂದು ನಾನು ಹೇಳಲಾರೆ, ಹೋಲಿಸಬೇಕಾದುದು ಬೇರೆ. ಮೇಸ್ತ್ರಿಯಿಂದಲೇ ಅವನ ಭಾಷೆಯಲ್ಲಿ, ಕಂಪನಿಯ ಹೆಸರು ಅಳತೆಗಳ ಸಹಿತ ಚೀಟಿ ಬರೆಯಿಸಿಕೊಂಡು, ಆ ಒಂದೇ ಚೀಟಿಯನ್ನು ಎರಡು ಅಂಗಡಿಗಳಲ್ಲಿ ತೋರಿಸಿ, ಒಟ್ಟು ಮೊತ್ತವನ್ನು ತೆರಿಗೆ ಮತ್ತು ಗಾಡಿಬಾಡಿಗೆ ಸಮೇತ ಕೇಳುವುದು ಮೊದಲ ಕೆಲಸ. ಮೇಸ್ತ್ರಿಯ ಕೂಲಿಯನ್ನು ಹಿಂಡದೆ ಒಪ್ಪಿಕೊಂಡು, ಸಾಮಾನು ನಾವೇ ತರುತ್ತೇವೆಂದು ಮೊದಲೇ ಹೇಳಿಬಿಟ್ಟರೆ ಆ ಚೀಟಿಯೂ ಪ್ರಾಮಾಣಿಕವಾಗಿರುತ್ತದೆ. ಆಮೇಲೆ ಎರಡೂ ಕಡೆ ಕೇಳಬೇಕಾದ ಪ್ರಶ್ನೆ ಒಂದೇ: ಮಿಕ್ಕ ಸಾಮಾನು ವಾಪಸು ತಂದರೆ ಅದರ ಹಣ ಯಾರ ಲೆಕ್ಕಕ್ಕೆ? ಈ ಪ್ರಶ್ನೆಗೆ ನಗದೆ, ನೆಲ ನೋಡದೆ, “ಬಿಲ್ ಯಾರ ಹೆಸರಲ್ಲಿದೆಯೋ ಅವರಿಗೆ” ಎಂದು ಉತ್ತರ ಕೊಡುವ ವರ್ತಕರು ಪ್ರತಿಯೊಂದು ಊರಿನಲ್ಲಿಯೂ ಒಬ್ಬಿಬ್ಬರಿದ್ದಾರೆ. ಅವರ ಬೆಲೆ ಸಾಮಾನ್ಯವಾಗಿ ಒಂದೆರಡು ರೂಪಾಯಿ ಹೆಚ್ಚೇ ಇರುತ್ತದೆ. ಟೈಲು ಕೊಂಡರೆ ಅದರ ಬ್ಯಾಚ್ ಸಂಖ್ಯೆಯನ್ನೂ, ಮುಂದೆ ಒಂದು ಒಡೆದರೆ ಅದೇ ಛಾಯೆಯದು ಹುಡುಕಲು ಬೇಕಾಗುತ್ತದೆಂದು, ಬಿಲ್ಲಿನ ಅಂಚಿನಲ್ಲಿ ಬರೆದುಕೊಡುತ್ತಾರೆ.