ಮಗುವಿನ ಊರು ಯಾವುದು?

ಗಂಡ ಹೆಂಡಿರು ಬೇರೆಯಾದಾಗ ಮಗು ಯಾರ ಬಳಿ ಇರಬೇಕು ಎಂಬ ಪ್ರಶ್ನೆಗೂ ಮೊದಲು, ಅದನ್ನು ಯಾವ ಊರಿನ ಕೋರ್ಟು ಕೇಳಬೇಕು ಎಂಬ ಜಗಳ ಹುಟ್ಟುತ್ತದೆ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 9ನೇ ಕಲಂ ಕೊಟ್ಟ ಉತ್ತರ ಚಿಕ್ಕದು: ಮಗು ಸಾಮಾನ್ಯವಾಗಿ ವಾಸಿಸುವ ಜಾಗದ ಕೋರ್ಟು. ಮದುವೆ ನಡೆದ ಊರೂ ಅಲ್ಲ, ಅಪ್ಪನ ಮನೆತನದ ಊರೂ ಅಲ್ಲ. ಮಗುವನ್ನು ಬಲ್ಲ ಮೇಷ್ಟ್ರು, ಡಾಕ್ಟರು, ಪಕ್ಕದ ಮನೆಯವರು ಇರುವುದು ಅದು ಬೆಳೆಯುವ ಜಾಗದಲ್ಲೇ. ಅಷ್ಟರಮಟ್ಟಿಗೆ ಈ ಕಲಮನ್ನು ನಾನು ಮೆಚ್ಚುತ್ತೇನೆ.

ತೊಡಕಿರುವುದು ‘ಸಾಮಾನ್ಯವಾಗಿ’ ಎಂಬ ಮಾತಿನಲ್ಲಿ. ಎಷ್ಟು ದಿನ ಇದ್ದರೆ ಸಾಮಾನ್ಯ? ಕಾಯ್ದೆ ಹೇಳುವುದಿಲ್ಲ. ಅಮೆರಿಕದ ಬಹುತೇಕ ರಾಜ್ಯಗಳ ಕಾನೂನು, ಅರ್ಜಿಗೆ ಮುಂಚಿನ ಆರು ತಿಂಗಳು ಮಗು ಎಲ್ಲಿತ್ತೆಂದು ನೋಡುತ್ತದೆ. ನಮ್ಮಲ್ಲಿ ಒಂದೊಂದು ಪ್ರಕರಣದಲ್ಲೂ ಸಾಕ್ಷ್ಯ ನೋಡಿಯೇ ತೀರ್ಮಾನಿಸಬೇಕು. ಅಮೆರಿಕದಿಂದ ತಾಯಿಯೊಂದಿಗೆ ದೆಹಲಿಗೆ ಬಂದ ಹುಡುಗನೊಬ್ಬನ ಕುರಿತ ಅರ್ಜಿ 2008ರಲ್ಲಿ ಸಲ್ಲಿಕೆಯಾಯಿತು. ದೆಹಲಿ ಕೋರ್ಟಿಗೆ ಅದನ್ನು ಕೇಳುವ ಅಧಿಕಾರವಿದೆ ಎಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ 2011. ಆಗಿನ್ನೂ ಬಾಗಿಲು ತೆರೆದದ್ದಷ್ಟೇ, ಒಳಗಿನ ವಿಚಾರಣೆ ಬಾಕಿ. ಆ ಮೂರು ವರ್ಷದಲ್ಲಿ ಹುಡುಗನಿಗೆ ದೆಹಲಿಯ ಶಾಲೆ, ಗೆಳೆಯರು ಒಗ್ಗಿಹೋಗಿದ್ದರು. ತಡವಾದಷ್ಟೂ, ಮಗುವನ್ನು ಮೊದಲು ಕರೆದುಕೊಂಡು ಹೊರಟವರ ವಾದವೇ ಬಲವಾಗುತ್ತದೆ. ಇದು ನನ್ನನ್ನು ಬಾಧಿಸುತ್ತದೆ.

ಮಕ್ಕಳನ್ನು ದೇಶ ದಾಟಿಸುವ ಬಗೆಗಿನ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಸೇರಿದರೆ, ವಿದೇಶದಲ್ಲಿ ಹೊಡೆತ ತಿಂದು ಮಗುವಿನೊಂದಿಗೆ ತವರಿಗೆ ಓಡಿಬಂದ ತಾಯಿಯನ್ನು ಅಪಹರಣ ಮಾಡಿದವಳು ಎಂದುಬಿಟ್ಟಾರು ಎಂಬ ಅಳುಕು ನಿಜವಾದದ್ದು. ಬೆಂಗಳೂರಿನ ಎಷ್ಟೋ ಮನೆಗಳ ಮಕ್ಕಳು ಹೊರದೇಶದಲ್ಲಿ ಸಂಸಾರ ಹೂಡಿರುವಾಗ ಇದು ದೂರದ ಮಾತೂ ಅಲ್ಲ. ವಿದೇಶಿ ಕೋರ್ಟಿನ ಆದೇಶ ಪರಿಗಣಿಸಬೇಕಾದ ಒಂದು ಅಂಶ ಮಾತ್ರ, ಮಗುವಿನ ಹಿತವೇ ಮುಖ್ಯ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸರಿಯೇ. ಆದರೆ ಆ ಹಿತವನ್ನು ಅಳೆಯುವ ಕೋರ್ಟು ಯಾವುದೆಂದು ಕೆಲವೇ ವಾರಗಳಲ್ಲಿ ಇತ್ಯರ್ಥವಾಗಬೇಕು. ಇದಕ್ಕೆ ಕಾಯ್ದೆಯಲ್ಲೇ ಗಡುವು ಬೇಕು.

2020ರ ಇನ್ನೊಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ದೂರವಿರುವ ತಂದೆಗೆ ಅಥವಾ ತಾಯಿಗೆ ದಿನಕ್ಕೆ ಐದು ಹತ್ತು ನಿಮಿಷ ವಿಡಿಯೊ ಕರೆಯಲ್ಲಿ ಮಗುವಿನೊಂದಿಗೆ ಮಾತಾಡುವ ಹಕ್ಕಿರಬೇಕು ಎಂದಿತು. ಅಪಾಯವಿಲ್ಲದ ಕಡೆ ಇಂಥ ಆದೇಶ ಅಧಿಕಾರ ವ್ಯಾಪ್ತಿಯ ವಾದಕ್ಕೆ ಕಾಯಬಾರದು. ಮೊದಲ ವಾಯಿದೆಯ ದಿನವೇ ಹೊರಬೀಳಬೇಕು.